ಬೆನ್ನ ಹಿಂದಿನ ಉತ್ತರ

ಕೆ.ಆರ್. ಪುರದಲ್ಲಿ ರೈಲು ಹಳಿಗಳ ಮೇಲೆ ಹಾದುಹೋಗುವ ತೂಗುಸೇತುವೆ ಸಂಚಾರಕ್ಕೆ ತೆರೆದದ್ದು 2003ರಲ್ಲಿ. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರೆಲ್ಲ ಅದರ ಕೇಬಲ್‌ಗಳನ್ನು ನೋಡಿರುತ್ತಾರೆ. ಬಿಗಿದ ನೇರ ಗೆರೆಗಳವು. ಗೋಪುರವನ್ನು ವೈ-ಅಕ್ಷ, ರಸ್ತೆಯ ಹಾಸನ್ನು ಎಕ್ಸ್-ಅಕ್ಷ ಎಂದುಕೊಳ್ಳಿ. ಪ್ರತಿ ಕೇಬಲ್ ಗೋಪುರವನ್ನು ಒಂದು ಕಡೆ, ರಸ್ತೆಯನ್ನು ಒಂದು ಕಡೆ ಮುಟ್ಟುತ್ತದೆ. ಛೇದಬಿಂದು ಎಂದರೇನು ಎಂದು ಮಕ್ಕಳಿಗೆ ತೋರಿಸಲು ಬೆಂಗಳೂರಿನ ಪೂರ್ವಕ್ಕೆ ಇದಕ್ಕಿಂತ ದೊಡ್ಡ ಕಪ್ಪುಹಲಗೆ ಬೇಕಿಲ್ಲ.

ನೇರ ಗೆರೆಯಲ್ಲಿ ತಕರಾರಿಲ್ಲ. ವರ್ಗ ಬಹುಪದೋಕ್ತಿಗೆ ಬಂದಾಗ ಗೆರೆ ಬಾಗಿ ಪರವಲಯವಾಗುತ್ತದೆ, ಎಕ್ಸ್-ಅಕ್ಷವನ್ನು ಎರಡು ಸಲ ದಾಟಬಹುದು, ಒಮ್ಮೆ ಸವರಿ ಹೋಗಬಹುದು, ಮುಟ್ಟದೆಯೂ ಇರಬಹುದು. ವೈ-ಅಕ್ಷವನ್ನು ಮಾತ್ರ ಒಂದೇ ಸಲ ದಾಟುತ್ತದೆ, ಏಕೆಂದರೆ ಎಕ್ಸ್‌ನ ಒಂದು ಬೆಲೆಗೆ ವೈನ ಒಂದೇ ಬೆಲೆ.

ಹಲಸೂರು ಕೆರೆಯ ಏರಿಯ ಮೇಲೆ ಹುಡುಗನೊಬ್ಬ ನಿಂತು ನೀರಿಗೆ ಕಲ್ಲು ಎಸೆಯುತ್ತಾನೆ ಎನ್ನೋಣ. ಕಲ್ಲಿನ ದಾರಿ ಹೀಗಿರಲಿ: ವೈ = (8 + 7ಎಕ್ಸ್ − ಎಕ್ಸ್²) ÷ 4. ಎಕ್ಸ್ ಅವನಿಂದ ದೂರ, ವೈ ನೀರಿನ ಮಟ್ಟದಿಂದ ಎತ್ತರ, ಎರಡೂ ಮೀಟರ್‌ಗಳಲ್ಲಿ. ಎಕ್ಸ್‌ಗೆ ಸೊನ್ನೆ ಹಾಕಿದರೆ ವೈ 2. ಕಲ್ಲು ಕೈಬಿಟ್ಟ ಎತ್ತರ ಅದು. ಹತ್ತನೇ ತರಗತಿಯ ಮಕ್ಕಳು ಇದನ್ನು ಕ್ಷಣದಲ್ಲಿ ಬರೆಯುತ್ತಾರೆ, ಆದರೆ ಅದು ಒಂದು ಕೈಯ ಎತ್ತರ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ವೈಗೆ ಸೊನ್ನೆ ಹಾಕಿ. ಎಕ್ಸ್² − 7ಎಕ್ಸ್ − 8 = 0. ಅಪವರ್ತಿಸಿದರೆ (ಎಕ್ಸ್ − 8)(ಎಕ್ಸ್ + 1). ಉತ್ತರ 8 ಮತ್ತು −1. ಎಂಟು ಮೀಟರ್ ಆಚೆ ಕಲ್ಲು ನೀರಿಗೆ ಬೀಳುತ್ತದೆ. ಮೈನಸ್ ಒಂದು?

“ಮಿಸ್, ಮೈನಸ್ ಬಂತು, ಹೊಡೆದುಹಾಕ್ಲಾ?” ಹೊಡೆದುಹಾಕಬೇಕು, ನಿಜ. ಆದರೆ ಏನನ್ನು ಹೊಡೆದುಹಾಕುತ್ತಿದ್ದೇವೆ ಎಂದು ನೋಡದೆ ಅಲ್ಲ. ಅದು ಹುಡುಗನ ಬೆನ್ನ ಹಿಂದೆ ಒಂದು ಮೀಟರ್, ನೀರಿನ ಮಟ್ಟದಲ್ಲಿ, ಏರಿಯ ಮಣ್ಣಿನೊಳಗಿರುವ ಬಿಂದು. ಸಮೀಕರಣಕ್ಕೆ ಹುಡುಗನೂ ಗೊತ್ತಿಲ್ಲ, ಏರಿಯೂ ಗೊತ್ತಿಲ್ಲ. ಅವು ನಮಗೆ ಗೊತ್ತು, ಆದ್ದರಿಂದ ಆಯ್ಕೆ ನಮ್ಮದು.

ಚಿಹ್ನೆ ನೋಡಿ ತೀರ್ಪು ಕೊಡುವುದು ಎಷ್ಟು ಅಪಾಯ ಎನ್ನುವುದಕ್ಕೆ ಎರಡನೆಯ ಭಾಸ್ಕರಾಚಾರ್ಯರ ಬೀಜಗಣಿತದ ಕಪಿಗಳೇ ಸಾಕ್ಷಿ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗವಿಗೆ ಹೋದವು, ಒಂದು ಮಾತ್ರ ಹೊರಗೆ ಕಾಣುತ್ತಿದೆ, ಒಟ್ಟು ಎಷ್ಟು? ಸಮೀಕರಣ ಎಕ್ಸ್² − 55ಎಕ್ಸ್ + 250 = 0. ಉತ್ತರ 50 ಮತ್ತು 5, ಎರಡೂ ಧನ ಸಂಖ್ಯೆಗಳು. ಭಾಸ್ಕರರು 5ನ್ನು ಒಪ್ಪಲಿಲ್ಲ: ಐದರ ಐದನೇ ಒಂದು ಭಾಗ 1, ಅದರಲ್ಲಿ 3 ಕಳೆಯುವುದೆಂತು? ಮೈನಸ್ ಎರಡು ಕಪಿಗಳನ್ನು ಯಾರು ನೋಡಿದ್ದಾರೆ? ಕ್ರಿ.ಶ. 1150ರ ಈ ಎಚ್ಚರ ನಮ್ಮ ಉತ್ತರಪತ್ರಿಕೆಗಳಲ್ಲಿ ಕಾಣಬೇಕೆಂಬುದು ನನ್ನ ಆಸೆ. ಪ್ರತಿ ಮೂಲದ ಪಕ್ಕದಲ್ಲಿ, ಇದನ್ನು ಏಕೆ ಇಟ್ಟುಕೊಂಡೆ ಅಥವಾ ಏಕೆ ಬಿಟ್ಟೆ ಎಂದು ಒಂದು ವಾಕ್ಯ, ಅದಕ್ಕೊಂದು ಅಂಕ.

ಅದೇ ಕಲ್ಲಿಗೆ ಮರಳೋಣ. ಏರಿಯ ಮರದ ಕೊಂಬೆಯೊಂದು ನೀರಿನ ಮೇಲೆ 5 ಮೀಟರ್ ಎತ್ತರದಲ್ಲಿ ಚಾಚಿದೆ. ಆ ಎತ್ತರವನ್ನೇ ಎಕ್ಸ್-ಅಕ್ಷ ಮಾಡಿಕೊಂಡರೆ ಎಕ್ಸ್² − 7ಎಕ್ಸ್ + 12 = 0, ಉತ್ತರ 3 ಮತ್ತು 4. ಈಗ ಎರಡೂ ಸರಿ. ಕಲ್ಲು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಎಲೆಗಳ ನಡುವೆ ನುಸುಳುತ್ತದೆ.

ಕೊಂಬೆ 6 ಮೀಟರ್ ಎತ್ತರದಲ್ಲಿದ್ದರೆ? ಎಕ್ಸ್² − 7ಎಕ್ಸ್ + 16 = 0. ಶೋಧಕ 49 − 64, ಅಂದರೆ −15. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ನೇರವಾಗಿ ಹೇಳಿದ್ದಾರೆ: ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಕಲ್ಲು ಏರುವುದು 5 ಮೀಟರಿಗಿಂತ ಆರು ಸೆಂಟಿಮೀಟರ್‌ನಷ್ಟು ಮೇಲಕ್ಕೆ ಮಾತ್ರ, ಅದೂ 3 ಮತ್ತು 4ರ ನಟ್ಟನಡುವೆ. ಆ ಕೊಂಬೆ ಮುಟ್ಟಬೇಕಾದರೆ ಹುಡುಗ ಇನ್ನೂ ಜೋರಾಗಿ ಎಸೆಯಬೇಕು.