ಹಾಳು ಹಂಪೆಯಲ್ಲಿ ಆಳಿಲ್ಲವೇ?

ವ್ಯಾಸಂಗ ಪ್ರವಾಸವೆಂಬ ಮಾತಿನಲ್ಲಿ ಪ್ರವಾಸ ಉಳಿದು ವ್ಯಾಸಂಗ ಕಳಚಿಬಿದ್ದು ಬಹಳ ಕಾಲವಾಯಿತೆಂದರೆ ಉಪಾಧ್ಯಾಯ ಮಿತ್ರರು ಸಿಟ್ಟಾಗಬಾರದು. ನಮ್ಮ ಅತ್ತಿಬೆಲೆಯ ಶಾಲೆಯೊಂದು ಮಕ್ಕಳನ್ನು ಹಂಪೆಗೆ ಕರೆದೊಯ್ಯುವಾಗ ಮಾಡಿಕೊಂಡಿದ್ದ ಕಾರ್ಯಕ್ರಮದ ಪಟ್ಟಿ ನನ್ನ ಮುಂದಿದೆ. ೩೫೦ ಕಿಲೋಮೀಟರಿಗೂ ಮೀರಿದ ದಾರಿ, ರಾತ್ರಿಯೆಲ್ಲ ಬಸ್ಸು. ಬೆಳಗ್ಗೆ ಉಪ್ಪಿಟ್ಟಾದ ಮೇಲೆ ವಿರೂಪಾಕ್ಷನಿಗೆ ಅರ್ಧ ಗಂಟೆ, ಕಲ್ಲಿನ ರಥಕ್ಕೆ ಅರ್ಧ ಗಂಟೆ, ಕಮಲ ಮಹಲಿಗೂ ಆನೆಲಾಯಕ್ಕೂ ಕೂಡಿ ಇಪ್ಪತ್ತು ನಿಮಿಷ. ಸಂಜೆ ತುಂಗಭದ್ರಾ ಅಣೆಕಟ್ಟಿನ ಉದ್ಯಾನದ ಕಾರಂಜಿಗೆ ಒಂದೂವರೆ ಗಂಟೆ! ಕಾರಂಜಿಯ ಮೇಲೆ ನನಗೆ ಹಗೆಯಿಲ್ಲ, ಮಕ್ಕಳು ಕುಣಿಯಲಿ. ನನ್ನ ಆಕ್ಷೇಪ ಬೇರೆ. ಆ ಪಟ್ಟಿಯಲ್ಲಿ ಕಲ್ಲುಂಟು, ಕಂಬವುಂಟು, ರಾಯರುಂಟು. ಊರಿನಲ್ಲಿ ಬಾಳಿದ ಜನ ಮಾತ್ರ ಇಲ್ಲ.

ಮುತ್ತುರತ್ನಗಳನ್ನು ಬೀದಿಯಲ್ಲಿ ಅಳೆದು ಮಾರುತ್ತಿದ್ದರೆಂದು ಪ್ರತಿ ಮಗುವೂ ಬಾಯಿಪಾಠ ಒಪ್ಪಿಸುತ್ತದೆ. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ರತ್ನದ ವ್ಯಾಪಾರವನ್ನು ಬಣ್ಣಿಸಿದ್ದು ನಿಜ. ಅದೇ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯೊಂದರಲ್ಲಿ ೧೫–೨೦ ಸಾವಿರ ಆಳುಗಳು ಇರುವೆಗಳಂತೆ ಮುತ್ತಿದ್ದುದನ್ನೂ ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆದಾಗ ಬಲಿಯೆಂದು ೬೦ ಮಂದಿಯ ತಲೆ ಕಡಿಸಿದರೆಂದೂ ಬರೆದಿದ್ದಾನೆ. ರತ್ನಕ್ಕೆ ಅವನ ಸಾಕ್ಷಿ ಬೇಕು, ಆಳಿಗೆ ಬೇಡವೆಂಬುದು ಯಾವ ನ್ಯಾಯ?

ಅಲ್ಲಿನ ತುರ್ತು ಕಾಲುವೆ ವಿಜಯನಗರದ ಕಾಲದವರು ತೋಡಿದ್ದು. ಅವಶೇಷಗಳ ನಡುವಣ ಗದ್ದೆಗೆ, ಬಾಳೆತೋಟಕ್ಕೆ ಇಂದಿಗೂ ಅದರ ನೀರೇ. ೧೫೬೫ರಲ್ಲಿ ಸಾಮ್ರಾಜ್ಯ ಮುರಿಯಿತು, ಕಾಲುವೆ ಉಳಿಯಿತು. ಮಕ್ಕಳನ್ನು ಅದರ ದಂಡೆಯ ಮೇಲೆ ನಿಲ್ಲಿಸಿ, ಇಷ್ಟು ಕಾಲ ಇದರ ಹೂಳು ತೆಗೆದವರು ಯಾರಪ್ಪಾ ಎಂದು ಕೇಳುವ ಮೇಷ್ಟರನ್ನು ನಾನಿನ್ನೂ ಕಾಣೆ.

೧೩೮೫ರಲ್ಲಿ ಎರಡನೆಯ ಹರಿಹರನ ಮಂತ್ರಿ ಇರುಗಪ್ಪ ದಂಡನಾಯಕ ಕಟ್ಟಿಸಿದ ಜಿನಾಲಯವನ್ನು ಜನ ಗಾಣಗಿತ್ತಿ ಗುಡಿಯೆನ್ನುತ್ತಾರೆ. ೧೪೩೯ರಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ತನ್ನ ಒಡೆಯನ ಪುಣ್ಯಕ್ಕೆಂದು ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಶಾಸನ ಧರ್ಮಶಾಲೆಯೆಂದು ಕರೆಯುತ್ತದೆ. ಇವೆರಡನ್ನೂ ಬಿಟ್ಟು ೧೫೬೫ರ ಯುದ್ಧವನ್ನಷ್ಟೇ ಹೇಳಿದರೆ ಮಕ್ಕಳು ಏನನ್ನು ಕಟ್ಟಿಕೊಂಡು ಮನೆಗೆ ಬರುತ್ತಾರೆಂದು ಬಿಡಿಸಿ ಹೇಳಬೇಕೆ?

ಹಳೆಯ ಜನರ ಮಾತು ಹಾಗಿರಲಿ. ವಿರೂಪಾಕ್ಷನ ಎದುರಿನ ರಥಬೀದಿಯ ಸಾಲು ಮಂಟಪಗಳು ಏಕೆ ಬರಿದಾಗಿವೆ? ಮೊನ್ನೆಮೊನ್ನೆಯವರೆಗೆ ಅಲ್ಲಿ ಸಂಸಾರಗಳಿದ್ದವು, ಅಂಗಡಿಗಳಿದ್ದವು. ೧೯೮೬ರಲ್ಲಿ ಹಂಪೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ೨೦೧೧ರ ಜುಲೈನಲ್ಲಿ ಯಂತ್ರಗಳು ಬಂದು ಮನೆಗಳನ್ನು ಕೆಡವಿದವು. ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು, ಮೇಲೆ ಮಹಡಿ ಏರಿಸಿದ್ದು ಸುಳ್ಳಲ್ಲ. ಅದನ್ನು ನಾನು ಸಮರ್ಥಿಸುವುದೂ ಇಲ್ಲ. ಆದರೆ ಪೇಟೆಯ ಬೀದಿಯಲ್ಲಿ ಪೇಟೆಯಿದ್ದುದೇ ತಪ್ಪಾಯಿತೆ? ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತದೆ ಗಾದೆ. ಹಂಪೆಯಲ್ಲಿ ಉಳಿದವನು ಒತ್ತುವರಿದಾರನಾದ.

ಇದು ಮಕ್ಕಳಿಗೆ ಮೀರಿದ ವಿಷಯ, ಪರೀಕ್ಷೆಗೂ ಬಾರದು ಎನ್ನುತ್ತಾರೆ. ಯಾರ ಮಕ್ಕಳಿಗೆ ಮೀರಿದ್ದು? ಅತ್ತಿಬೆಲೆಯ ತರಗತಿಯಲ್ಲಿ, ಕೈಗಾರಿಕಾ ಪ್ರದೇಶಕ್ಕೆ ಹೊಲ ಬಿಟ್ಟುಕೊಟ್ಟ ಮನೆಯ ಹುಡುಗನೂ, ಆ ಹೊಲದ ಮೇಲೆದ್ದ ಕಾರ್ಖಾನೆಗೆ ದುಡಿಯಲು ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದವರ ಹುಡುಗಿಯೂ ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ನೆಲ ಯಾರದು, ಏಳೆಂದವರು ಯಾರು, ಎದ್ದವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಗಳನ್ನು ಆ ಮಕ್ಕಳು ಪಠ್ಯಪುಸ್ತಕಕ್ಕಿಂತ ಮೊದಲೇ ಮನೆಯಲ್ಲಿ ಕೇಳಿರುತ್ತಾರೆ. ರಥಬೀದಿಯಲ್ಲಿ ಅವರನ್ನು ಎರಡು ಪಂಗಡ ಮಾಡಿ ವಾದಕ್ಕೆ ಬಿಡಿ: ಮಂಟಪದ ಪರ ಕೆಲವರು, ಮನೆಯ ಪರ ಕೆಲವರು. ಮೊಬೈಲು ತಾನಾಗಿ ಜೇಬು ಸೇರುತ್ತದೆ.

ಇದಕ್ಕೆಲ್ಲ ಹೊತ್ತೆಲ್ಲಿದೆ ಎಂಬ ಉತ್ತರ ಬರುವುದು ನನಗೆ ಗೊತ್ತು. ಎಬ್ಬಿಸಿದವರಿಗೆ ನಿವೇಶನ ತೋರಿಸಿದ ಕದ್ದಿರಾಂಪುರ ಹೊಸಪೇಟೆಯ ರಸ್ತೆಯಲ್ಲೇ ಇದೆ. ಕಾರಂಜಿಗೆ ಹೋಗುವ ಬಸ್ಸು ಅದನ್ನು ಹಾದೇ ಹೋಗಬಹುದು.