ಗೋಡೆಯ ಮಾತು, ಹರಾಜಿನ ಬೆಲೆ

1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಲಲಿತಕಲಾ ವಿದ್ಯಾಲಯವನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡು ‘ಜನತಾ ಕಾರ್ಯಾಗಾರ’ವೆಂದು ಹೆಸರಿಟ್ಟರು. ಯಾವ ಘೋಷಣೆ, ಯಾವ ಚಿತ್ರ ಎಂಬುದನ್ನು ಸಭೆ ಸೇರಿ ತೀರ್ಮಾನಿಸಿ, ಸ್ಕ್ರೀನ್ ಪ್ರಿಂಟಿಂಗ್ ವಿಧಾನದಲ್ಲಿ ಭಿತ್ತಿಪತ್ರಗಳನ್ನು ಮುದ್ರಿಸಿದರು. ಕಾರ್ಖಾನೆಯ ಚಿಮಣಿಯೇ ಬಿಗಿದ ಮುಷ್ಟಿಯಾಗಿರುವ ಚಿತ್ರ ಅವುಗಳಲ್ಲೊಂದು. ಕಲಾವಿದರು ತಮ್ಮ ಸಹಿ ಹಾಕಲಿಲ್ಲ. ಜೂನ್ 27ರಂದು ಪೊಲೀಸರು ವಿದ್ಯಾಲಯವನ್ನು ತೆರವುಗೊಳಿಸಿದರು.

ಈ ಚಿತ್ರಗಳು ಅಲಂಕಾರಕ್ಕಲ್ಲ; ಹೋರಾಟ ನಡೆಯುವ ಬೀದಿ, ಕಾರ್ಖಾನೆಗಳ ಗೋಡೆಗಳೇ ಅವಕ್ಕೆ ತಕ್ಕ ಸ್ಥಳ ಎಂಬುದು ಅವರ ನಿಲುವಾಗಿತ್ತು. ಇಂದು ಅವೇ ಹಾಳೆಗಳು ವಸ್ತುಸಂಗ್ರಹಾಲಯಗಳಲ್ಲಿವೆ, ಹರಾಜಿಗೂ ಬರುತ್ತವೆ. ಅರ್ಥಶಾಸ್ತ್ರ ಓದಿದವನಿಗೆ ಇದರಲ್ಲಿ ಅಚ್ಚರಿಯಿಲ್ಲ. ವಿರಳವಾದದ್ದಕ್ಕೆ ಬೆಲೆ ಬರುತ್ತದೆ. ಆದರೆ ಹಾಳೆಗೆ ಬೆಲೆ ಬಂದ ಮಾತ್ರಕ್ಕೆ ಅದರ ಮಾತು ಕೇಳಿಸಿತೆಂದು ಅರ್ಥವಲ್ಲ.

ಸೇವೆಯಲ್ಲಿದ್ದಾಗ ಭಿತ್ತಿಪತ್ರಗಳನ್ನು ತೆಗೆಸುವ ಆದೇಶಗಳಿಗೆ ನಾನೂ ಸಹಿ ಮಾಡಿದ್ದೇನೆ. ನಗರದ ಅಂದ, ಸಾರ್ವಜನಿಕ ಆಸ್ತಿಯ ರಕ್ಷಣೆ ಎಂಬ ಕಾರಣಗಳು ಸುಳ್ಳಾಗಿರಲಿಲ್ಲ. ಆದರೆ ತೆಗೆಸುವ ಮುನ್ನ ಅವುಗಳನ್ನು ಒಮ್ಮೆ ಓದಬೇಕೆಂದು ತೋಚಲಿಲ್ಲ. ಕಡತಗಳಲ್ಲಿ ಬಾರದ ಅಸಮಾಧಾನವನ್ನು ಗೋಡೆಗಳು ಪುಕ್ಕಟೆಯಾಗಿ ತಿಳಿಸುತ್ತವೆ. ಐವತ್ತು ವರ್ಷಗಳ ನಂತರ ಚೌಕಟ್ಟು ಹಾಕಿ ಗೌರವಿಸುವುದಕ್ಕಿಂತ, ಅಂಟು ಆರುವ ಮೊದಲೇ ಓದುವುದು ಆಡಳಿತಕ್ಕೆ ಮೇಲು.