ಗುರುವಿಗೆ ಹಾರ, ಶಿಕ್ಷಕನಿಗೆ ಅರೆವೇತನ

ಸೆಪ್ಟೆಂಬರ್ 5 ಬಂದಿತೆಂದರೆ ನಮ್ಮಂಥ ಮಠಾಧಿಪತಿಗಳಿಗೆ ಬಿಡುವಿರುವುದಿಲ್ಲ. 1962ರಿಂದ ಶಿಕ್ಷಕರ ದಿನವೆಂದು ಆಚರಿಸಲ್ಪಡುತ್ತಿರುವ ಆ ದಿನ ಒಂದಲ್ಲ ಒಂದು ಸಂಸ್ಥೆಯವರು ನಮ್ಮನ್ನು ವೇದಿಕೆಗೆ ಬಿಜಯಂಗೈಸುತ್ತಾರೆ; ಡಾ. ರಾಧಾಕೃಷ್ಣನ್ ಅವರ ಭಾವಚಿತ್ರಕ್ಕೆ ಹಾರ ಹಾಕಿಸುತ್ತಾರೆ. 1921ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟನ್ನೆಳೆದ ಪ್ರಸಂಗವನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಆಮೇಲೆ ನಮ್ಮ ಆಶೀರ್ವಚನ. ಗುರುವಿಗೆ ಮಿಗಿಲಾದವರಿಲ್ಲವೆಂದು ನಾವೂ ಎಷ್ಟೋ ವರ್ಷ ಹೇಳುತ್ತ ಬಂದಿದ್ದೇವೆ. ಇನ್ನು ಹಾಗೆ ಹೇಳಲು ನಾಲಗೆ ಏಳದು.

ಅಂಥದೊಂದು ಸಮಾರಂಭ ಮುಗಿದ ಮೇಲೆ, ನಾವೇ ಶಾಲು ಹೊದಿಸಿ ಸತ್ಕರಿಸಿದ್ದ ಗಣಿತ ಶಿಕ್ಷಕರೊಬ್ಬರು ನಮಸ್ಕರಿಸಲು ಬಾಗಿದವರು ಮೆಲ್ಲನೆ ನುಡಿದರು: "ಅಜ್ಜಾರ, ಬ್ಯಾಂಕಿಗೆ ಜಮಾ ಆಗೋದು ಇಪ್ಪತ್ತೆರಡು ಸಾವಿರ. ಹದಿಮೂರು ತಗದು ಆಫೀಸಿಗೆ ತಿರುಗಿ ಕೊಡಬೇಕ್ರಿ. ನನ್ನ ಹೆಸರು ಮಾತ್ರ ಎಲ್ಲೂ ತಗೀಬ್ಯಾಡ್ರಿ." ಕೆಲಸಕ್ಕೆ ಸೇರುವಾಗ ಕಟ್ಟಡ ನಿಧಿಗೆಂದು ಕೊಟ್ಟ ಹಣಕ್ಕಾಗಿ ಅವರ ಎರಡೆಕರೆ ಹೊಲ ಒತ್ತೆ ಬಿದ್ದಿದೆಯಂತೆ. ಆ ಸಂಸ್ಥೆಯ ಹೆಸರನ್ನು ನಾವು ಬರೆಯುವುದಿಲ್ಲ. ಬರೆದರೆ ಉಳಿದವರು ತಮ್ಮದಲ್ಲವೆಂದು ನೆಮ್ಮದಿಯಿಂದಿರುತ್ತಾರೆ.

ವಿದ್ಯಾರ್ಥಿಗಳಿಂದ ವಂತಿಗೆ ಎತ್ತುವುದನ್ನು ನಮ್ಮ ರಾಜ್ಯದಲ್ಲಿ 1984ರ ಅಧಿನಿಯಮವು ನಿಷೇಧಿಸಿತು. ಶಿಕ್ಷಕರಿಂದ ಎತ್ತುವ ವಂತಿಗೆಗೆ 'ದಾಸೋಹ'ವೆಂಬ ಪವಿತ್ರ ನಾಮಧೇಯವನ್ನು ಕೊಟ್ಟವರು ನಮ್ಮವರೇ. ಇದು ಶಬ್ದದ ಅಪಚಾರ. ಕಾಯಕದಿಂದ ಗಳಿಸಿದವನು ತಾನಾಗಿ ಸಮರ್ಪಿಸತಕ್ಕದ್ದು ದಾಸೋಹ. ಗಳಿಸಿದವನ ಕೈಯಿಂದ ಕಿತ್ತುಕೊಂಡದ್ದಕ್ಕೆ ಆಡುಮಾತಿನಲ್ಲಿ ಬೇರೆ ಹೆಸರಿದೆ. ಕೆಲವು ಆಡಳಿತ ಮಂಡಳಿಯವರು ಶಿಕ್ಷಕರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳುವುದನ್ನೂ ಕೇಳಿದ್ದೇವೆ. ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಆ ತಾಯಿ ಗಂಡನಿಗೆ ಹೇಳಿದಳು, ನಿಜ. ಮಾರಯ್ಯನ ಮಡಿಲಿನ ಅಕ್ಕಿಯಲ್ಲಿ ಅರ್ಧವನ್ನು ಕಸಿದುಕೊಳ್ಳಿರೆಂದು ಅಂಗಳದ ಒಡೆಯರಿಗೆ ಹೇಳಿದಳೇ?

ತ್ಯಾಗದಿಂದಲೇ ನಮ್ಮ ವಿದ್ಯಾಸಂಸ್ಥೆಗಳು ಬೆಳೆದವೆಂಬ ಮಾತನ್ನು ಅಲ್ಲಗಳೆಯುವವರಾರು? 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದ ಏಳು ಜನರೂ ಶಿಕ್ಷಕರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆಯವರಂಥ ವಿದ್ವಾಂಸರು ಆಜೀವ ಸೇವೆಗೆ ಕಟ್ಟುಬಿದ್ದು ಅಲ್ಪತೃಪ್ತರಾಗಿ ದುಡಿದರು. ಆದರೆ ಗಮನಿಸಬೇಕಾದ ಸಂಗತಿಯೊಂದುಂಟು: ಅಲ್ಲಿ ಪಾಠ ಹೇಳುವವರೇ ಸಂಸ್ಥೆಯ ಕರ್ಣಧಾರರಾಗಿದ್ದರು. ಲೆಕ್ಕದ ಪುಸ್ತಕ ಅವರ ಕೈಯಲ್ಲಿತ್ತು. ಕಡಿಮೆ ತೆಗೆದುಕೊಳ್ಳುವ ನಿರ್ಧಾರವೂ ಅವರದೇ ಆಗಿತ್ತು. ಇಂದು ನಿರ್ಧರಿಸುವವರು ಒಬ್ಬರು, ತ್ಯಾಗ ಮಾಡುವವರು ಇನ್ನೊಬ್ಬರು. ಪರರ ಹಸಿವಿನ ಮೇಲೆ ಮಾಡಿದ ಉಪವಾಸದ ಪುಣ್ಯ ಯಾರ ಖಾತೆಗೆ ಹೋದೀತು?

ಈ ರೋಗ ಖಾಸಗಿ ಸಂಸ್ಥೆಗಳಿಗಷ್ಟೇ ಅಂಟಿದ್ದೆಂದು ಯಾರೂ ತಿಳಿಯಬಾರದು. ಸರಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ಬಹುಭಾರವನ್ನು ಹೊತ್ತ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯವರೆಗೆ ದೊರೆಯುತ್ತಿದ್ದುದು ಮಾಸಿಕ ಹನ್ನೊಂದು, ಹದಿಮೂರು ಸಾವಿರ. ಬೀದಿಗಿಳಿದು ಚಳವಳಿ ಹೂಡಿದ ಮೇಲೆ ಗೌರವಧನವೇನೋ ಏರಿತು. 'ಅತಿಥಿ' ಎಂಬ ಪದ ಹೋಗಲಿಲ್ಲ. ಹದಿನೈದು ವರ್ಷ ಮನೆಯಲ್ಲಿ ದುಡಿದವನನ್ನು ಅತಿಥಿಯೆನ್ನುವ ಸತ್ಕಾರಪದ್ಧತಿಯನ್ನು ನಾವು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ. ಪ್ರಾಥಮಿಕ ಶಾಲೆಗಳ ಸ್ಥಿತಿ ಬೇರೊಂದು ಬಗೆಯದು. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಕರನ್ನು ಅನ್ಯಕಾರ್ಯಕ್ಕೆ ನಿಯೋಜಿಸಕೂಡದೆಂದು 2009ರ ಶಿಕ್ಷಣ ಹಕ್ಕು ಅಧಿನಿಯಮವು ವಿಧಿಸಿದೆ. 2025ರ ಸೆಪ್ಟೆಂಬರ್-ಅಕ್ಟೋಬರದಲ್ಲಿ ಇದೇ ಶಿಕ್ಷಕರು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆ ಅಲೆದರು. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಲಾಯಿತು. (ಸಮೀಕ್ಷೆಯ ಗುಣದೋಷಗಳ ಚರ್ಚೆಗೆ ಇದು ಸ್ಥಳವಲ್ಲ.) ಇದರ ಮೇಲೆ ಹಾಲು, ಮೊಟ್ಟೆ, ಅಕ್ಕಿಗಳ ಲೆಕ್ಕ ಬೇರೆ.

"ಹಾಗಾದರೆ ಈ ವೃತ್ತಿಯಲ್ಲಿ ಸುಖವೇ ಇಲ್ಲವೇ?" ಎಂದು ಕೇಳುವವರುಂಟು. ಇದೆ; ಪೀಠಕ್ಕೆ ಬರುವ ಮುನ್ನ ಏಳು ವರ್ಷ ಕಾಲೇಜಿನಲ್ಲಿ ಕನ್ನಡ ಬೋಧಿಸಿದ ನಾವು ಅದನ್ನು ಬಲ್ಲೆವು. ಒಮ್ಮೆ ರಾಘವಾಂಕನ ಹರಿಶ್ಚಂದ್ರಕಾವ್ಯದ ಸ್ಮಶಾನ ಪ್ರಸಂಗ ನಡೆದಿತ್ತು. ಮಗನ ಶವವನ್ನು ತಂದ ಚಂದ್ರಮತಿಯನ್ನು ರಾಜನೇ ತಡೆದು ತೆರೆ ಕೇಳುವ ಸನ್ನಿವೇಶ. ವರ್ಷವಿಡೀ ತುಟಿ ಬಿಚ್ಚದ, ಹಮಾಲರ ಮಗನೊಬ್ಬ ಹಿಂದಿನ ಬೆಂಚಿನಿಂದೆದ್ದು ಕೇಳಿದ: "ಸರ್, ಅಕೀ ಹತ್ರ ರೊಕ್ಕ ಇಲ್ಲಂತ ಅವನ ಕಣ್ಣಿಗೇ ಕಾಣಸ್ತೈತಿ. ಮತ್ತ ಇದು ಸತ್ಯ ಹೆಂಗಾತ್ರಿ?" ಸಂಸ್ಕೃತ ಪಾಠಶಾಲೆಯ ವ್ಯಾಕರಣವೂ ವಿಶ್ವವಿದ್ಯಾಲಯದ ಪದವಿಯೂ ಆ ಕ್ಷಣ ನಮ್ಮ ನೆರವಿಗೆ ಬರಲಿಲ್ಲ. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಆ ಹುಡುಗರು ವಾದಿಸಿದರು. ನಾವು ಬಹುಮಟ್ಟಿಗೆ ಕೇಳುತ್ತ ಕುಳಿತೆವು. ಅಂದಿನ ಆನಂದಕ್ಕೆ ಸಮನಾದುದು ಅಡ್ಡಪಲ್ಲಕ್ಕಿಯಲ್ಲಿಯೂ ನಮಗೆ ದೊರೆತಿಲ್ಲವೆಂದು ಬರೆಯಲು ಸಂಕೋಚಪಡುವುದಿಲ್ಲ.

ಆದರೆ ಅಂದು ನಮಗೆ ಮನೆಯಿರಲಿಲ್ಲ, ಮಕ್ಕಳಿರಲಿಲ್ಲ, ಮಠದ ಪ್ರಸಾದವಿತ್ತು. ಆ ಗಣಿತ ಶಿಕ್ಷಕರಿಗೂ ತರಗತಿಯಲ್ಲಿ ಇಂಥ ಆನಂದ ದೊರೆಯುತ್ತಿರಬಹುದು. ಕಿರಾಣಿ ಅಂಗಡಿಯವನು ಅದನ್ನು ಉದ್ರಿ ಪುಸ್ತಕದಲ್ಲಿ ಜಮಾ ಹಿಡಿಯುವುದಿಲ್ಲ.

ಆದಾಯವಿಲ್ಲದ ಬಡ ಸಂಸ್ಥೆಗಳಿಲ್ಲವೆಂದು ನಾವು ಹೇಳುತ್ತಿಲ್ಲ. ಅನುದಾನವಿಲ್ಲದೆ, ಕೂಲಿಕಾರರ ಮಕ್ಕಳಿಂದ ಅಲ್ಪ ಶುಲ್ಕ ಪಡೆದು ಏದುಸಿರು ಬಿಡುತ್ತಿರುವ ಹಳ್ಳಿಯ ಶಾಲೆಗಳನ್ನು ಕಣ್ಣಾರೆ ಕಂಡಿದ್ದೇವೆ. ಅಂಥವರು ಲೆಕ್ಕಪತ್ರವನ್ನು ಶಿಕ್ಷಕರ ಮುಂದೆಯೇ ಬಿಚ್ಚಿಡಲಿ. ಇದ್ದುದನ್ನು ಹಂಚಿಕೊಂಡು ಉಣ್ಣುವುದರಲ್ಲಿ ಅವಮಾನವಿಲ್ಲ. ನಮ್ಮ ಆಕ್ಷೇಪ ಕಲ್ಯಾಣಮಂಟಪಕ್ಕೆ ಗ್ರಾನೈಟು ಹಾಸಿ, ಮಹಾದ್ವಾರಕ್ಕೆ ಗೋಪುರವೇರಿಸಿ, ವೇತನದ ದಿನ ಬಡತನವನ್ನು ನೆನೆಯುವವರ ಮೇಲೆ.

ಈ ಪತ್ರಿಕೆಯನ್ನೋದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಆಡಳಿತ ಮಂಡಳಿಗಳ ಸದಸ್ಯರಾಗಿದ್ದೀರಿ. ಮುಂದಿನ ಸಭೆಯಲ್ಲಿ ವೇತನದ ವಹಿಯನ್ನು ತರಿಸಿರಿ. ಜಮಾ ಆದುದೆಷ್ಟು, ಮರಳಿ ಬಂದುದೆಷ್ಟೆಂದು ಕೇಳಿರಿ. ನಮ್ಮ ಮಠದ ಆಶ್ರಯದಲ್ಲಿರುವ ಶಾಲೆಗಳಿಂದಲೇ ಆರಂಭಿಸಿರಿ. ಆ ಸಭೆಗೆ ನಾವೂ ಬರುತ್ತೇವೆ. ಹಾರ ತರುವುದು ಬೇಡ.